ಬೆಟ್ಟ ಹತ್ತುವಾಗ ಯಾವ ಅಂಗಿ?

ಒಂದು ಕಲ್ಲನ್ನು ಕಂಬಳಿಯಲ್ಲಿ ಸುತ್ತಿ ರಾತ್ರಿಯಿಡೀ ಕೋಣೆಯೊಳಗೆ ಇಟ್ಟರೆ ಬೆಳಿಗ್ಗೆ ಅದು ಬೆಚ್ಚಗಾಗಿರುತ್ತದೆಯೇ? ತರಗತಿಯಲ್ಲಿ ನಾನು ಈ ಪ್ರಶ್ನೆ ಕೇಳಿದಾಗಲೆಲ್ಲ ಅರ್ಧದಷ್ಟು ಕೈಗಳು ಮೇಲೇಳುತ್ತವೆ. “ಹೌದು ಸಾರ್, ಕಂಬಳಿ ಬಿಸಿ!” ಆದರೆ ಕಲ್ಲು ಬೆಚ್ಚಗಾಗುವುದಿಲ್ಲ. ಐಸ್ ಮಾರುವವರು ಮಂಜುಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿಟ್ಟಿರುವುದನ್ನು ನೀವು ಸಂತೆಯಲ್ಲಿ ನೋಡಿರಬಹುದು. ಗೋಣಿ ಬಿಸಿ ಕೊಡುವಂತಿದ್ದರೆ ಮಂಜುಗಡ್ಡೆ ಬೇಗ ಕರಗಬೇಕಿತ್ತಲ್ಲವೇ? ಬಟ್ಟೆ ಬಿಸಿಯನ್ನು ಉಂಟುಮಾಡುವುದಿಲ್ಲ. ಬಿಸಿಯು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುವುದನ್ನು ನಿಧಾನ ಮಾಡುತ್ತದೆ, ಅಷ್ಟೇ. ಕಂಬಳಿಯೊಳಗಿನ ಒಲೆ ನೀವೇ!

ಈ ಒಲೆಗೆ ಉರುವಲು ನೀವು ತಿಂದ ಮುದ್ದೆ, ಅನ್ನ, ರೊಟ್ಟಿ. ಸುಮ್ಮನೆ ಕುಳಿತಿರುವ ದೊಡ್ಡವರೊಬ್ಬರ ದೇಹದಿಂದ ಸುಮಾರು 100 ವಾಟ್‌ನಷ್ಟು ಶಾಖ ಹೊರಬೀಳುತ್ತದೆ. ಹಳೆಯ ಕಾಲದ ಬಲ್ಬೊಂದು ಉರಿದಂತೆ. ಅದೇ ವ್ಯಕ್ತಿ ಬೆಟ್ಟ ಹತ್ತತೊಡಗಿದರೆ ಈ ಶಾಖ ನಾಲ್ಕೈದು ಪಟ್ಟು ಹೆಚ್ಚುತ್ತದೆ. ಮೇಲೆ ಹೋಗಿ ಕುಳಿತೊಡನೆ ಮತ್ತೆ ಇಳಿಯುತ್ತದೆ. ಈ ಏರಿಳಿತವನ್ನು ನೆನಪಿಡಿ. ನಾನು ಈಗ ಹೇಳಲಿರುವ ಘಟನೆ ನಡೆದದ್ದು ಇದರಿಂದಲೇ.

ಕೆಲವು ವರ್ಷಗಳ ಹಿಂದೆ ಸೆಪ್ಟೆಂಬರ್ ತಿಂಗಳಲ್ಲಿ ಏಳನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಮುಳ್ಳಯ್ಯನಗಿರಿಗೆ ಹೋಗಿದ್ದೆವು. ಚಿಕ್ಕಮಗಳೂರು ಜಿಲ್ಲೆಯ ಈ ಬೆಟ್ಟ ಸಮುದ್ರ ಮಟ್ಟದಿಂದ ಸುಮಾರು 1,930 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರ. ಹೊರಡುವ ಮುನ್ನ ಮಕ್ಕಳಿಗೆ ನಾನೇ ಚೀಟಿ ಬರೆದು ಕೊಟ್ಟಿದ್ದೆ: “ಚಳಿ ಇರುತ್ತದೆ, ದಪ್ಪ ಸ್ವೆಟರ್ ಹಾಕಿಕೊಂಡು ಬನ್ನಿ.” ಎಂಎಸ್ಸಿ ಓದಿದವನು ಬರೆದ ಚೀಟಿ! ಅದರಲ್ಲಿದ್ದ ತಪ್ಪು ನನಗೆ ತಿಳಿದದ್ದು ಬೆಟ್ಟದ ತುದಿಯಲ್ಲಿ.

ಒಬ್ಬ ಹುಡುಗ ಹತ್ತಿ ಬನಿಯನ್, ಅದರ ಮೇಲೆ ಹತ್ತಿ ಅಂಗಿ, ಅದರ ಮೇಲೆ ದಪ್ಪ ಸ್ವೆಟರ್ ಹಾಕಿಕೊಂಡು ಎಲ್ಲರಿಗಿಂತ ಮುಂದೆ ಓಡುತ್ತ ಹತ್ತಿದ. ಅರ್ಧ ದಾರಿಯಲ್ಲಿ ಬೆವರಿನಿಂದ ತೊಯ್ದುಹೋದ. ಸೆಕೆ ಎಂದು ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡ. ಮಂಜು ಕವಿದು ಜಿನುಗು ಮಳೆ ಹಿಡಿಯಿತು. ತುದಿಯಲ್ಲಿ ಗಾಳಿ ಎಂದರೆ ನಿಂತವರನ್ನು ನೂಕುವಂಥ ಗಾಳಿ. ನನ್ನ ಚೀಲದಲ್ಲಿದ್ದ ಉಷ್ಣತಾಮಾಪಕ 15 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. 15 ಡಿಗ್ರಿ ಎಂದರೆ ಏನು ಮಹಾ ಚಳಿ? ಆದರೆ ಹತ್ತು ನಿಮಿಷದಲ್ಲಿ ಆ ಹುಡುಗನ ಹಲ್ಲು ಕಟಕಟ ಎನ್ನತೊಡಗಿತು. ತಿಂಡಿಯ ಪೊಟ್ಟಣದ ದಾರ ಬಿಚ್ಚಲು ಅವನ ಬೆರಳುಗಳಿಗೆ ಆಗಲಿಲ್ಲ. ಹೆಸರು ಕೇಳಿದರೆ ಮಾತು ತೊದಲಿತು. ಆಗ ನನಗೆ ನಿಜಕ್ಕೂ ಭಯವಾಯಿತು.

ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಅದು 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ. ಇದಕ್ಕೆ ಹಿಮ ಬೀಳಲೇಬೇಕೆಂದಿಲ್ಲ. ಒದ್ದೆ ಬಟ್ಟೆ, ಗಾಳಿ, ದಣಿವು ಈ ಮೂರು ಒಟ್ಟಾದರೆ ನಮ್ಮ ಮಲೆನಾಡಿನ ಬೆಟ್ಟವೂ ಸಾಕು.

ಹುಡುಗನನ್ನು ಗುಡಿಯ ಗೋಡೆಯ ಮರೆಗೆ ಕರೆದೊಯ್ದು, ಒದ್ದೆ ಅಂಗಿ ಬನಿಯನ್‌ಗಳನ್ನು ತೆಗೆಸಿ, ಇನ್ನೊಬ್ಬನ ಚೀಲದಲ್ಲಿದ್ದ ಒಣ ಅಂಗಿ ಹಾಕಿಸಿದೆವು. ಒಬ್ಬ ಹುಡುಗಿ ಹಠ ಮಾಡಿ ತಂದಿದ್ದ ಅಜ್ಜನ ಕಂಬಳಿಯನ್ನು ಹೊದಿಸಿದೆವು. ಅದರ ಮೇಲೆ ಊಟಕ್ಕೆ ಕೂರಲೆಂದು ತಂದಿದ್ದ ಪ್ಲಾಸ್ಟಿಕ್ ಹಾಳೆ ಸುತ್ತಿದೆವು. ಥರ್ಮಾಸ್‌ನಲ್ಲಿದ್ದ ಸಿಹಿ ಕಾಫಿಯನ್ನು ಸ್ವಲ್ಪಸ್ವಲ್ಪವಾಗಿ ಕುಡಿಸಿದೆವು. ಅರ್ಧ ಗಂಟೆಯಲ್ಲಿ ಅವನು ಸರಿಹೋದ. ಕೆಳಗಿಳಿಯುವಾಗ ಮತ್ತೆ ಓಡಲು ಹೊರಟ, ಅದು ಬೇರೆ ಮಾತು.

ಕಾಣದ ಗಾಳಿಯೇ ಕಂಬಳಿ

ಅವನಿಗೆ ಹೀಗೇಕಾಯಿತು? ಬಟ್ಟೆಯಲ್ಲಿ ನಮ್ಮನ್ನು ಬೆಚ್ಚಗಿಡುವುದು ದಾರವಲ್ಲ, ದಾರಗಳ ನಡುವೆ ಸಿಕ್ಕಿಹಾಕಿಕೊಂಡಿರುವ ಗಾಳಿ. ನಿಶ್ಚಲವಾದ ಗಾಳಿ ಬಹಳ ದುರ್ಬಲ ಶಾಖವಾಹಕ. ನೀರು ಹಾಗಲ್ಲ. ಗಾಳಿಗಿಂತ ಸುಮಾರು 24 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಬಟ್ಟೆ ಒದ್ದೆಯಾದಾಗ ಆ ಗಾಳಿಯ ಜಾಗವನ್ನೆಲ್ಲ ನೀರು ಹಿಡಿಯುತ್ತದೆ. ಕಂಬಳಿ ಇದ್ದ ಕಡೆ ಕೊಳವೆ ಇಟ್ಟಂತಾಯಿತು.

ಅಷ್ಟೇ ಅಲ್ಲ. ಆ ನೀರು ಆವಿಯಾಗಬೇಕಲ್ಲ? ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಒಂದು ಗ್ರಾಂ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿಯವರೆಗೆ ಕಾಯಿಸಲು ಕೂಡ 100 ಕ್ಯಾಲೊರಿ ಸಾಕು ಎಂದರೆ ಇದೆಷ್ಟು ದೊಡ್ಡದೆಂದು ಊಹಿಸಿ. ಇದರಲ್ಲಿ ಬಹುಪಾಲನ್ನು ಬೆವರು ಚರ್ಮದಿಂದಲೇ ಕಸಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಇದು ವರ. ಅಲ್ಲಿ ತೆಳುವಾದ ಹತ್ತಿ ಬಟ್ಟೆಗೆ ಸಮನಾದದ್ದಿಲ್ಲ. ಬೆಟ್ಟದ ತುದಿಯಲ್ಲಿ ಗಾಳಿಗೆ ನಿಂತವನಿಗೆ ಅದೇ ಶಾಪ.

ಗಾಳಿ ಬೀಸಿದಾಗ ಚರ್ಮದ ಪಕ್ಕದಲ್ಲಿ ಬೆಚ್ಚಗಾಗಿದ್ದ ಗಾಳಿಯ ಪದರ ಹಾರಿಹೋಗುತ್ತದೆ. ಬಿಸಿ ಹಾಲನ್ನು ಊದಿ ಆರಿಸುವುದಿಲ್ಲವೇ? ಹಾಗೆಯೇ. ಉಷ್ಣತೆ 10 ಡಿಗ್ರಿ ಇರುವಾಗ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಸುಮಾರು 6 ಡಿಗ್ರಿ ಇದ್ದಂತೆ ಅನ್ನಿಸುತ್ತದೆ. ಜೊತೆಗೆ, ಸಾಮಾನ್ಯವಾಗಿ ಒಂದು ಕಿಲೋಮೀಟರ್ ಮೇಲೇರಿದರೆ ಉಷ್ಣತೆ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಚಿಕ್ಕಮಗಳೂರು ಪೇಟೆಗಿಂತ ಮುಳ್ಳಯ್ಯನಗಿರಿಯ ತುದಿ ಹೆಚ್ಚುಕಡಿಮೆ ಆರು ಡಿಗ್ರಿ ತಣ್ಣಗಿರುವುದು ಇದರಿಂದ.

ಒಂದರ ಮೇಲೊಂದು

ಹಾಗಾದರೆ ಒಂದೇ ದಪ್ಪ ಸ್ವೆಟರ್ ಬದಲು ಏನು ಮಾಡಬೇಕು? ತೆಳುವಾದ ಎರಡು ಮೂರು ಪದರಗಳು. ಈರುಳ್ಳಿಯಂತೆ. ಎರಡು ಪದರಗಳ ನಡುವೆಯೂ ಗಾಳಿ ನಿಲ್ಲುತ್ತದೆ. ಹತ್ತುವಾಗ ಒಂದನ್ನು ತೆಗೆಯಬಹುದು, ಕುಳಿತಾಗ ಹಾಕಬಹುದು. ಒಲೆಯ ಉರಿ ಏರಿಳಿಯುತ್ತದೆ ಎಂದೆನಲ್ಲ, ಅದಕ್ಕೆ ತಕ್ಕಂತೆ ಮುಚ್ಚಳವನ್ನೂ ಸರಿಪಡಿಸಿಕೊಳ್ಳುವ ಉಪಾಯ ಇದು.

ಚರ್ಮಕ್ಕೆ ತಾಗುವ ಒಳಪದರದ ಕೆಲಸ ಬೆವರನ್ನು ಚರ್ಮದಿಂದ ದೂರ ಸಾಗಿಸುವುದು. ಇದಕ್ಕೆ ಹತ್ತಿ ಬೇಡ. ಹತ್ತಿಯ ನೂಲಿಗೆ ನೀರೆಂದರೆ ಪ್ರೀತಿ, ಹಿಡಿದುಕೊಂಡರೆ ಬೇಗ ಬಿಡುವುದಿಲ್ಲ. ಪಾಲಿಯೆಸ್ಟರ್ ನೂಲು ತನ್ನೊಳಗೆ ನೀರನ್ನು ಸೇರಿಸಿಕೊಳ್ಳುವುದು ತೀರಾ ಕಡಿಮೆ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ಒಣ ತೂಕದ ಶೇಕಡ 8ರಷ್ಟು ತೇವವನ್ನು ಹೀರಿಕೊಂಡಿದ್ದರೆ, ಪಾಲಿಯೆಸ್ಟರ್ ಅರ್ಧದಷ್ಟು ಶೇಕಡವನ್ನೂ ಮುಟ್ಟುವುದಿಲ್ಲ. ಬೆವರು ನೂಲುಗಳ ನಡುವಿನ ಸಂದಿಗಳಲ್ಲಿ ಹರಡಿ ಬೇಗ ಒಣಗಿಬಿಡುತ್ತದೆ. ಇದಕ್ಕಾಗಿ ಅಂಗಡಿಗೆ ಓಡಬೇಡಿ. ನಿಮ್ಮ ಶಾಲೆಯ ಕಬಡ್ಡಿ ತಂಡದ ಜೆರ್ಸಿ ಇದೆಯಲ್ಲ, ಅದು ಬಹುಮಟ್ಟಿಗೆ ಪಾಲಿಯೆಸ್ಟರ್. ಅದೇ ಸಾಕು.

ನಡುಪದರದ ಕೆಲಸ ಗಾಳಿಯನ್ನು ಹಿಡಿದಿಡುವುದು. ಇದಕ್ಕೆ ಉಣ್ಣೆ ಬಲು ಒಳ್ಳೆಯದು. ಕುರಿಯ ಕೂದಲು ನೇರವಾಗಿಲ್ಲ, ಸುರುಳಿಸುರುಳಿಯಾಗಿದೆ. ಆದ್ದರಿಂದ ಒತ್ತಿದರೂ ಮತ್ತೆ ಉಬ್ಬಿ ಗಾಳಿಗೆ ಜಾಗ ಮಾಡಿಕೊಡುತ್ತದೆ. ತನ್ನ ತೂಕದ ಶೇಕಡ 30ರಷ್ಟು ನೀರಾವಿಯನ್ನು ಹೀರಿಕೊಂಡರೂ ಉಣ್ಣೆ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಚಿತ್ರದುರ್ಗ, ಚಳ್ಳಕೆರೆಯ ಕಡೆ ಕರಿಕುರಿಯ ಉಣ್ಣೆಯಿಂದ ಕುರುಬರು ಕಂಬಳಿ ನೇಯುತ್ತಾರೆ. ನೇಯುವ ಮುಂಚೆ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚುತ್ತಾರೆ. ಆ ಒರಟು ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯಿಂದ ಇಳಿಬಿಟ್ಟು ಮಳೆಯಲ್ಲಿ ಗದ್ದೆ ಕೆಲಸ ಮಾಡುವ ಹಿರಿಯರನ್ನು ನೀವು ನೋಡಿರಬಹುದು. ಮಳೆಹನಿ ಮೇಲಿನ ಕೂದಲುಗಳ ಮೇಲೆ ಜಾರುತ್ತದೆ, ಒಳಗಿನ ಆವಿ ಸಂದಿಗಳಿಂದ ಹೊರಹೋಗುತ್ತದೆ. ಈ ಮಾತನ್ನು ಸ್ವಲ್ಪ ಹೊತ್ತು ನೆನಪಿನಲ್ಲಿಡಿ. ಅಂದ ಹಾಗೆ, ಅಂಗಡಿಯಲ್ಲಿ ಉಣ್ಣೆಯೆಂದು ಮಾರುವ ಎಷ್ಟೋ ಸ್ವೆಟರ್‌ಗಳು ಅಕ್ರಿಲಿಕ್ ನೂಲಿನವು. ಕತ್ತಿನ ಹಿಂದಿನ ಚೀಟಿ ಓದಿ ನೋಡಿ. ಅಕ್ರಿಲಿಕ್ ಕೆಟ್ಟದ್ದೇನಲ್ಲ, ಒಣಗಿರುವಾಗ ಬೆಚ್ಚಗೇ ಇರುತ್ತದೆ. ಆದರೆ ಉಣ್ಣೆಯ ಬೆಲೆ ಕೊಡಬೇಡಿ.

ಹೊರಪದರದ ಕೆಲಸ ಗಾಳಿ ಮತ್ತು ಮಳೆಯನ್ನು ತಡೆಯುವುದು. ತೊಂದರೆ ಶುರುವಾಗುವುದು ಇಲ್ಲಿಯೇ. ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿಕೊಂಡು ಸೈಕಲ್ ತುಳಿದಿದ್ದೀರಾ? ಹೊರಗಿನ ನೀರು ಒಳಗೆ ಬಾರದು ನಿಜ, ಒಳಗಿನ ಆವಿಯೂ ಹೊರಗೆ ಹೋಗದು. ಶಾಲೆ ಮುಟ್ಟುವ ಹೊತ್ತಿಗೆ ಮಳೆಯಲ್ಲಿ ನೆನೆಯದಿದ್ದರೂ ಬೆವರಿನಲ್ಲಿ ನೆನೆದಿರುತ್ತೀರಿ!

ಸಾಫ್ಟ್‌ಶೆಲ್ ಎಂದರೇನು?

ಸ್ವೆಟರ್‌ಗೂ ರೇನ್‌ಕೋಟ್‌ಗೂ ನಡುವಿನ ಒಂದು ಅಂಗಿ ಬೇಕು ಎಂದು ಪರ್ವತಾರೋಹಿಗಳು ಬಯಸಿದ್ದರಿಂದ ಬಂದದ್ದು ಸಾಫ್ಟ್‌ಶೆಲ್ ಜಾಕೆಟ್. ಮೆತ್ತನೆಯ ಚಿಪ್ಪು ಎನ್ನಬಹುದು. ನೈಲಾನ್ ಅಥವಾ ಪಾಲಿಯೆಸ್ಟರ್ ನೂಲನ್ನು ಒತ್ತೊತ್ತಾಗಿ ನೇಯ್ದು ಇದನ್ನು ಮಾಡುತ್ತಾರೆ. ಜೊತೆಗೆ ಎಳೆದರೆ ಹಿಗ್ಗುವ ಇಲಾಸ್ಟೇನ್ ನೂಲನ್ನು ಸ್ವಲ್ಪ ಸೇರಿಸಿರುತ್ತಾರೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಜೋಸೆಫ್ ಶಿವರ್ಸ್ ಎಂಬ ರಸಾಯನ ವಿಜ್ಞಾನಿ ಈ ನೂಲನ್ನು ಕಂಡುಹಿಡಿದ. ಕೈ ಮೇಲೆತ್ತಿ ಬಂಡೆ ಹಿಡಿಯುವವನಿಗೆ ಅಂಗಿ ಹಿಗ್ಗದಿದ್ದರೆ ಹೇಗೆ?

ಒತ್ತಾದ ನೇಯ್ಗೆಯಿಂದಾಗಿ ಬೀಸುವ ಗಾಳಿ ಸುಲಭವಾಗಿ ಒಳನುಗ್ಗದು. ಆದರೆ ನೀರಾವಿಯ ಅಣುಗಳು ಬಹಳ ಚಿಕ್ಕವು, ಅವು ನೂಲಿನ ಸಂದಿಗಳಲ್ಲಿ ನುಸುಳಿ ಹೊರಹೋಗುತ್ತವೆ. ಮೇಲ್ಮೈಗೆ ನೀರು ಅಂಟದಂತೆ ಒಂದು ಲೇಪ ಕೊಟ್ಟಿರುತ್ತಾರೆ. ಹನಿ ಬಿದ್ದರೆ ಕೆಸುವಿನ ಎಲೆಯ ಮೇಲೆ ಬಿದ್ದಂತೆ ಮಣಿಯಾಗಿ ಉರುಳುತ್ತದೆ. ಈಗ ಕಂಬಳಿಯ ಕೊಪ್ಪೆಯನ್ನು ನೆನಪಿಸಿಕೊಳ್ಳಿ. ಕೆಲಸ ಒಂದೇ ಅಲ್ಲವೇ? ಕಂಬಳಿಯ ತೂಕ ಮಾತ್ರ ಜಾಸ್ತಿ, ಎಳೆದರೆ ಹಿಗ್ಗುವುದೂ ಇಲ್ಲ.

ಇದಕ್ಕೊಂದು ಮಿತಿಯಿದೆ. ಸಾಫ್ಟ್‌ಶೆಲ್ ಜಿನುಗು ಮಳೆಯನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಆಗುಂಬೆಯ ಆಷಾಢದ ಮಳೆಯನ್ನಲ್ಲ! ಜಡಿಮಳೆಗೆ ಚೀಲದಲ್ಲಿ ರೇನ್‌ಕೋಟ್ ಇರಲೇಬೇಕು. ನಡೆಯುವಾಗ ಜೆರ್ಸಿಯ ಮೇಲೆ ಸಾಫ್ಟ್‌ಶೆಲ್, ನಿಂತಾಗ ಅದರೊಳಗೆ ಸ್ವೆಟರ್, ಮಳೆ ಜೋರಾದರೆ ಎಲ್ಲದರ ಮೇಲೆ ರೇನ್‌ಕೋಟ್. ಇದು ಕ್ರಮ.

ಈ ಜಾಕೆಟ್‌ಗಳಲ್ಲಿ ತೆಳುವಾದ ಒಂಟಿ ಬಟ್ಟೆಯವು, ಒಳಗೆ ಉಣ್ಣೆಯಂಥ ಫ್ಲೀಸ್ ಅಂಟಿಸಿದವು, ನಡುವೆ ಪೊರೆ ಸೇರಿಸಿದವು ಎಂದು ಬಗೆಗಳಿವೆ. ಅಂಗಡಿಯವರು ದಪ್ಪದ್ದನ್ನೇ ಹೊಗಳುತ್ತಾರೆ. ನನ್ನ ಕೇಳಿದರೆ ನಮ್ಮ ಪಶ್ಚಿಮ ಘಟ್ಟಕ್ಕೆ ತೆಳುವಾದದ್ದೇ ಸರಿ. ಇಲ್ಲಿ ಹತ್ತುವಾಗ ಬೆವರುವುದೇ ಹೆಚ್ಚು. ಬೆಚ್ಚಗೆ ಬೇಕೆಂದಾಗ ಒಳಗೊಂದು ಸ್ವೆಟರ್ ಹಾಕಿದರಾಯಿತು. ದಪ್ಪ ಜಾಕೆಟನ್ನು ತೆಳ್ಳಗೆ ಮಾಡಲು ಬರುವುದಿಲ್ಲ. ಯಾರಾದರೂ ನಿಮಗೆ ಜಾಕೆಟ್ ಕೊಡಿಸುವುದಾದರೆ ಒಳಗೆ ಸ್ವೆಟರ್ ಹಾಕಿಕೊಂಡೇ ಅಳತೆ ನೋಡಿ. ಎರಡೂ ಕೈ ಮೇಲೆತ್ತಿದಾಗ ಹೊಟ್ಟೆ ಕಾಣಬಾರದು. ಮುಂಗೈಯ ಬಳಿ ಬಿಗಿ ಮಾಡುವ ಪಟ್ಟಿ ಇರಲಿ. ಎದುರಿಗೆ ಪೂರ್ತಿ ಜಿಪ್ ಇರಲಿ, ಸೆಕೆಯಾದಾಗ ಕಿಟಕಿ ತೆರೆದಂತೆ ತೆರೆಯಬಹುದು. ಬಣ್ಣ ಕೆಂಪೋ ಹಳದಿಯೋ ಆದರೆ ಮಂಜಿನಲ್ಲಿ ಮೇಷ್ಟ್ರಿಗೆ ನೀವು ಕಾಣುತ್ತೀರಿ. ಕಡುಹಸಿರು ಬೇಡ.

ಬಟ್ಟೆ ಎಂಥದೆಂದು ಪರೀಕ್ಷಿಸಲು ಬಾಯಿಯೇ ಉಪಕರಣ. ಬಟ್ಟೆಯನ್ನು ತುಟಿಗೆ ಒತ್ತಿ ಹಿಡಿದು ಊದಿ. ಹತ್ತಿ ಅಂಗಿಯಲ್ಲಿ ಗಾಳಿ ಸಲೀಸಾಗಿ ಆಚೆ ಹೋಗುತ್ತದೆ. ರೇನ್‌ಕೋಟ್‌ನಲ್ಲಿ ಹೋಗುವುದೇ ಇಲ್ಲ. ತೆಳು ಸಾಫ್ಟ್‌ಶೆಲ್‌ನಲ್ಲಿ ಕಷ್ಟಪಟ್ಟು ಸ್ವಲ್ಪ ಹೋಗುತ್ತದೆ. ಇನ್ನೊಂದು ಪರೀಕ್ಷೆಗೆ, ಲೋಟದಲ್ಲಿ ಬಿಸಿನೀರು ಹಾಕಿ ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ತಣ್ಣನೆಯ ಸ್ಟೀಲ್ ತಟ್ಟೆ ಹಿಡಿಯಿರಿ. ತಟ್ಟೆ ಮಸುಕಾದರೆ ಆ ಬಟ್ಟೆ ಆವಿಯನ್ನು ಬಿಡುತ್ತದೆ ಎಂದರ್ಥ. ಪ್ಲಾಸ್ಟಿಕ್ ಹಾಳೆ ಕಟ್ಟಿದರೆ ಹನಿಗಳು ಎಲ್ಲಿ ಕೂರುತ್ತವೆ? ನೀವೇ ನೋಡಿ.

ನೂರು ವರ್ಷಗಳ ಹಿಂದಿನ ಅಂಗಿ

1924ರ ಜೂನ್ 8ರಂದು ಜಾರ್ಜ್ ಮ್ಯಾಲರಿ, ಆಂಡ್ರೂ ಅರ್ವಿನ್ ಎಂಬ ಇಬ್ಬರು ಎವರೆಸ್ಟ್ ಶಿಖರದತ್ತ ಏರುತ್ತ ಮೋಡದಲ್ಲಿ ಮರೆಯಾದರು. ಮರಳಿ ಬರಲಿಲ್ಲ. 75 ವರ್ಷಗಳ ನಂತರ, 1999ರ ಮೇ 1ರಂದು, 8,100 ಮೀಟರ್‌ಗಿಂತ ಎತ್ತರದಲ್ಲಿ ಮ್ಯಾಲರಿಯ ದೇಹ ಸಿಕ್ಕಿತು. ಆ ಚಳಿಯಲ್ಲಿ ಬಟ್ಟೆಯ ತುಂಡುಗಳು ಕೊಳೆಯದೆ ಉಳಿದಿದ್ದವು. ವಿಜ್ಞಾನಿಗಳು ಅವನ್ನು ಸೂಕ್ಷ್ಮವಾಗಿ ಪರೀಕ್ಷಿಸಿದರು. ರೇಷ್ಮೆ, ಹತ್ತಿ, ಉಣ್ಣೆಯ ಹಲವು ತೆಳು ಪದರಗಳು, ಎಲ್ಲದರ ಮೇಲೆ ಗಾಳಿ ತಡೆಯುವ ಗ್ಯಾಬರ್ಡಿನ್ ಎಂಬ ಒತ್ತಾದ ಬಟ್ಟೆ. ರೇಷ್ಮೆ ನುಣುಪಾದ್ದರಿಂದ ಪದರಗಳು ಒಂದರ ಮೇಲೊಂದು ಜಾರಿ ಕೈಕಾಲು ಆಡಿಸಲು ಸುಲಭವಾಗುತ್ತಿತ್ತು. 2006ರಲ್ಲಿ ಅಂಥದೇ ಬಟ್ಟೆಗಳನ್ನು ಹೊಸದಾಗಿ ನೇಯಿಸಿ ಎವರೆಸ್ಟ್‌ನ ಇಳಿಜಾರಿನಲ್ಲಿ ತೊಟ್ಟು ನೋಡಿದರು. ಹಗುರವಾಗಿದ್ದವು, ಹವೆ ಚೆನ್ನಾಗಿರುವಾಗ ಬೆಚ್ಚಗೂ ಇದ್ದವು. ಆದರೆ ರಾತ್ರಿ ಬಯಲಿನಲ್ಲಿ ಕಳೆಯುವಷ್ಟಲ್ಲ. ಇಲಾಸ್ಟೇನ್ ಇಲ್ಲದ ಕಾಲದಲ್ಲಿ ರೇಷ್ಮೆಯಿಂದ ಅದೇ ಕೆಲಸ ಮಾಡಿಸಿದ ಅವರ ಜಾಣತನ ನನಗೆ ಬಹಳ ಹಿಡಿಸಿದ ಸಂಗತಿ.

ಮಾಡಿ ನೋಡಿ

ಒಂದೇ ಅಳತೆಯ ಮೂರು ತಗಡಿನ ಡಬ್ಬಿಗಳನ್ನು ತೆಗೆದುಕೊಳ್ಳಿ. ಒಂದಕ್ಕೆ ಒಣ ಹತ್ತಿಬಟ್ಟೆ, ಇನ್ನೊಂದಕ್ಕೆ ಅದೇ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಮೂರನೆಯದಕ್ಕೆ ಉಣ್ಣೆಬಟ್ಟೆ ಸುತ್ತಿ ಅದರ ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ. ಮೂರಕ್ಕೂ ಒಂದೇ ಪ್ರಮಾಣದ ಬಿಸಿನೀರನ್ನು ನಿಮ್ಮ ಶಿಕ್ಷಕರಿಂದ ಹಾಕಿಸಿ ಮುಚ್ಚಳ ಮುಚ್ಚಿ. ಮುಚ್ಚಳದಲ್ಲಿ ಉಷ್ಣತಾಮಾಪಕಕ್ಕೆ ತೂತಿರಲಿ. ಪ್ರಯೋಗಾಲಯದ ಉಷ್ಣತಾಮಾಪಕವನ್ನೇ ಬಳಸಿ. ಜ್ವರ ನೋಡುವುದನ್ನು ಹಾಕಿದರೆ ಒಡೆದೇ ಹೋಗುತ್ತದೆ! ಐದೈದು ನಿಮಿಷಕ್ಕೆ ಉಷ್ಣತೆ ಬರೆದುಕೊಂಡು ನಕ್ಷೆ ಎಳೆಯಿರಿ. ಆಮೇಲೆ ಫ್ಯಾನ್ ಹಾಕಿ, ಇಲ್ಲವೇ ರಟ್ಟಿನಿಂದ ಗಾಳಿ ಬೀಸುತ್ತ ಇಡೀ ಪ್ರಯೋಗವನ್ನು ಮತ್ತೆ ಮಾಡಿ. ಯಾವ ಡಬ್ಬಿಯ ಗೆರೆ ಹೆಚ್ಚು ಕಡಿದಾಗಿ ಇಳಿಯಿತು? ಗಾಳಿಯಿಂದ ಯಾವುದಕ್ಕೆ ಹೆಚ್ಚು ನಷ್ಟವಾಯಿತು, ಯಾವುದಕ್ಕೆ ಕಡಿಮೆ?

ಬೆಟ್ಟದಲ್ಲಿ ಜೊತೆಯವರು ಯಾರಾದರೂ ನಡುಗುತ್ತಿದ್ದರೆ, ಎಡವುತ್ತಿದ್ದರೆ, ಮಾತು ತೊದಲಿದರೆ ಕೂಡಲೇ ಶಿಕ್ಷಕರಿಗೆ ತಿಳಿಸಿ. “ಏನಿಲ್ಲ, ಸರಿಯಾಗಿದ್ದೇನೆ” ಎಂದು ಅವರೇ ಹೇಳಿದರೂ ನಂಬಬೇಡಿ. ಗಾಳಿಯ ಮರೆಗೆ ಕರೆದೊಯ್ದು, ಒದ್ದೆ ತೆಗೆದು ಒಣಗಿದ್ದು ಹಾಕಿ, ತಲೆ ಮುಚ್ಚಿ. ಕೈಕಾಲು ಉಜ್ಜಬಾರದು. ಎಚ್ಚರವಿದ್ದು ನುಂಗಬಲ್ಲವರಾದರೆ ಮಾತ್ರ ಬೆಚ್ಚಗಿನ ಸಿಹಿ ಪಾನೀಯ ಕೊಡಿ. ನಡುಕ ನಿಂತು ನಿದ್ದೆ ಬಂದಂತಾಗುತ್ತಿದ್ದರೆ ಅದು ಗುಣವಾದ ಲಕ್ಷಣವಲ್ಲ, ಒಲೆ ಆರುತ್ತಿರುವ ಲಕ್ಷಣ. ವೈದ್ಯರ ಬಳಿಗೆ ಒಯ್ಯಬೇಕು.

ನಾನು ಈಗ ಬರೆದುಕೊಡುವ ಚೀಟಿ ಹೀಗಿದೆ: “ಆಟದ ಜೆರ್ಸಿ, ತೆಳು ಸ್ವೆಟರ್, ಗಾಳಿ ತಡೆಯುವ ಯಾವುದಾದರೂ ಜಾಕೆಟ್, ರೇನ್‌ಕೋಟ್ ಅಥವಾ ಪ್ಲಾಸ್ಟಿಕ್ ಹಾಳೆ. ಒಂದು ಒಣ ಅಂಗಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಮನೆಯಲ್ಲಿ ಕಂಬಳಿ ಇದ್ದವರು ತರಬಹುದು.”